‘ಓಪನ್ ಆಗ್ತಿಲ್ಲ’ ಅಂದರೆ ಏನಾಗಿದೆ?

ಪ್ರಶ್ನೆ: ಆಫೀಸಿನ ಐಟಿ ವಿಭಾಗಕ್ಕೆ ‘ಮೈ ಲ್ಯಾಪ್‌ಟಾಪ್ ಈಸ್ ನಾಟ್ ಓಪನಿಂಗ್’ ಎಂದು ಮೇಲ್ ಹಾಕಿದೆ. ಏನಾಗಿದೆ ಸರಿಯಾಗಿ ಹೇಳಿ ಎಂದು ತಿರುಗಿ ಕೇಳಿದ್ದಾರೆ. ‘ಕಾಂಟ್ ಆಕ್ಸೆಸ್’ ಅನ್ನಬೇಕಿತ್ತೇ?

ಉತ್ತರ: ಈ ‘ಓಪನ್’ ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ. ನಮ್ಮಲ್ಲಿ ಬಾಗಿಲು, ಫೈಲು, ಫೋನು ಎಲ್ಲಕ್ಕೂ ‘ಓಪನ್ ಆಗ್ತಿಲ್ಲ’ ನಡೆಯುತ್ತದೆ. ಇಂಗ್ಲಿಷಿನಲ್ಲಿ ಫೈಲು, ಆ್ಯಪ್ ಓಪನ್ ಆಗುತ್ತವೆ. ಲ್ಯಾಪ್‌ಟಾಪ್ ಓಪನ್ ಮಾಡುವುದೆಂದರೆ ಮುಚ್ಚಳ ಎತ್ತುವುದು. ನಿಮ್ಮ ಮೇಲ್ ಓದಿದವರು ಹಿಂಜ್ ಮುರಿದಿದೆ ಅಂದುಕೊಂಡರೂ ತಪ್ಪಿಲ್ಲ.

ಎಲ್ಲಿ ನಿಂತಿದೆ ನೋಡಿ ಬರೆಯಿರಿ. ಗುಂಡಿ ಒತ್ತಿದರೂ ಜೀವವೇ ಇಲ್ಲದಿದ್ದರೆ ‘ಇಟ್ ವೋಂಟ್ ಟರ್ನ್ ಆನ್’. ಲೋಗೋ ಬಂದು ಅಲ್ಲೇ ಕೂತರೆ ‘ವೋಂಟ್ ಸ್ಟಾರ್ಟ್ ಅಪ್’. ಪಾಸ್‌ವರ್ಡ್ ಒಪ್ಪದಿದ್ದರೆ ‘ಐ ಕಾಂಟ್ ಲಾಗ್ ಇನ್’. ಕೆಲಸದ ನಡುವೆ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಪರದೆ ಲಾಕ್ ಮಾಡಿ ಎದ್ದು ಹೋಗಿ, ಬಂದ ಮೇಲೆ ಒಳಹೋಗಲಾಗದಿದ್ದರೆ ‘ಕಾಂಟ್ ಅನ್‌ಲಾಕ್’. ಆಗ ಸೇವ್ ಮಾಡದ ಫೈಲು ಒಳಗೆ ಹಾಗೇ ಇರುತ್ತದೆ. ನೀವು ಬರೀ ‘ಲಾಗ್ ಇನ್’ ಎಂದು ಬರೆದು, ಅವರು ರೀಸ್ಟಾರ್ಟ್ ಮಾಡಿಸಿದರೆ ಅದು ಹೋಯಿತು. ತಪ್ಪು ಪಾಸ್‌ವರ್ಡ್ ಹಲವು ಸಲ ಹೊಡೆದು ಖಾತೆಯೇ ತಡೆಗೊಂಡಿದ್ದರೆ ‘ಐ ಆಮ್ ಲಾಕ್ಡ್ ಔಟ್’. ಇದನ್ನು ‘ಲಾಗ್ಡ್ ಔಟ್’ ಎಂದು ಬರೆಯುವವರಿಗೆ ‘ಮತ್ತೆ ಲಾಗ್ ಇನ್ ಆಗಿ’ ಎಂಬ ಉತ್ತರವೇ ಬರುವುದು.

‘ಆಕ್ಸೆಸ್’ ಇಲ್ಲಿ ಬೇಡ, ಮೇಲಿನ ಯಾವ ತೊಂದರೆ ಎಂಬುದನ್ನೇ ಅದು ಮುಚ್ಚಿಹಾಕುತ್ತದೆ. ಬಳಸಲೇಬೇಕಾದಾಗ, ಕ್ರಿಯಾಪದವಾದರೆ ‘ಟು’ ಇಲ್ಲ: ‘ಐ ಆಕ್ಸೆಸ್ಡ್ ದ ಫೈಲ್’. ನಾಮಪದಕ್ಕೆ ಬೇಕು: ‘ಐ ಹ್ಯಾವ್ ಆಕ್ಸೆಸ್ ಟು ದ ಫೈಲ್’. ಪೊಲೀಸ್ ದೂರಿನಲ್ಲಂತೂ ಹುಷಾರು. ‘ಹಿ ಹ್ಯಾಡ್ ಆಕ್ಸೆಸ್ ಟು ಮೈ ಫೋನ್’ ಅಂದರೆ ಅವನ ಕೈಗೆ ಸಿಗುವಂತಿತ್ತು, ಅಷ್ಟೇ. ‘ಹಿ ಆಕ್ಸೆಸ್ಡ್ ಮೈ ಫೋನ್’ ನೇರ ಆರೋಪ; ಆಧಾರವಿಲ್ಲದೆ ಬರೆಯಬೇಡಿ.

ಪ್ರಶ್ನೆ: ‘ಲಾಗ್ ಆನ್’ ಬ್ರಿಟಿಷರದು, ‘ಲಾಗ್ ಇನ್’ ಅಮೆರಿಕದ್ದು ಎಂದು ಸ್ಪೋಕನ್ ಇಂಗ್ಲಿಷ್ ವಿಡಿಯೊದಲ್ಲಿ ಹೇಳಿದರು.

ಉತ್ತರ: ದುಡ್ಡು ಕೊಟ್ಟಿದ್ದರೆ ವಾಪಸ್ ಕೇಳಿ. ‘ಲಾಗ್ ಆನ್’ನ ಜೋಡಿ ಪದ ‘ಲಾಗ್ ಆಫ್’ ವಿಂಡೋಸ್ 7ರಲ್ಲಿ ಇತ್ತು, 8ರಲ್ಲಿ ಅದು ‘ಸೈನ್ ಔಟ್’ ಆಯಿತು. ಎರಡೂ ಒಂದೇ ಅಮೆರಿಕನ್ ಕಂಪನಿಯವು.

ಪ್ರಶ್ನೆ: ‘ಐ ಲಾಗಿನ್ಡ್’ ಸರಿಯೇ?

ಉತ್ತರ: ಅಲ್ಲ. ಕನ್ನಡದಲ್ಲಿ ‘ಲಾಗಿನ್ ಆದೆ’ ಎನ್ನುವ ರೂಢಿಯ ಫಲ ಇದು. ‘ಐ ಲಾಗ್ಡ್ ಇನ್’ ಎನ್ನಿ.

ಪ್ರಶ್ನೆ: ಸೈನ್ ಇನ್, ಸೈನ್ ಅಪ್ ಒಂದೇ ಅಲ್ಲವೇ? ಒಂದೇ ಸೈಟಿನಲ್ಲಿ ನನಗೆ ಮೂರು ಖಾತೆಗಳಾಗಿವೆ.

ಉತ್ತರ: ಅಲ್ಲ. ಸೈನ್ ಅಪ್ ಹೊಸ ಖಾತೆಗೆ. ಹಳೆಯ ಪಾಸ್‌ವರ್ಡ್ ಮರೆತಾಗಲೆಲ್ಲ ಅದನ್ನೇ ಒತ್ತಿದ್ದಕ್ಕೇ ನಿಮಗೆ ಮೂರು ಖಾತೆಗಳಾಗಿರುವುದು.