ಕುದುರೆ ಹತ್ತುವ ಮುಂಚೆ ಅದರ ಬೆನ್ನು ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಕಿರ್ಗಿಸ್ತಾನದವೇ. ಅದರಲ್ಲೂ ಸೊಂಗ್-ಕುಲ್ ಸರೋವರಕ್ಕೆ ಕುದುರೆ ಮೇಲೆ ಹೋಗುವ ಬಗ್ಗೆ. ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಜೀವಮಾನದಲ್ಲಿ ಕುದುರೆ ಹತ್ತಿದವಳಲ್ಲ. ಕಿಜಾರ್ತ್ ಹಳ್ಳಿಯಿಂದ ಮೂರು ದಿನದ ಸವಾರಿಗೆ "ಅನುಭವ ಬೇಕಿಲ್ಲ" ಅನ್ನುತ್ತಾರೆ. ನಂಬಬಹುದಾ?

ಉತ್ತರ: ಅರ್ಧ ನಂಬಿ. ಅಲ್ಲಿನ ಕುದುರೆಗಳು ಗಿಡ್ಡ, ಗಟ್ಟಿಮುಟ್ಟು, ಬೆಟ್ಟದಲ್ಲೇ ಬೆಳೆದವು. ದಾರಿ ನಿಮಗಿಂತ ಅವಕ್ಕೆ ಚೆನ್ನಾಗಿ ಗೊತ್ತು. ಜೊತೆಗೆ ದಾರಿ ತೋರಿಸುವವರು ಇರುತ್ತಾರೆ, ಹೆಚ್ಚಿನ ಹೊತ್ತು ಹೋಗುವುದು ನಡಿಗೆಯ ವೇಗದಲ್ಲಿ. ಹಾಗಾಗಿ ಬೀಳುತ್ತೇನೇನೋ ಅನ್ನುವ ಭಯ ಮೊದಲ ಗಂಟೆಯಲ್ಲೇ ಇಳಿಯುತ್ತದೆ. ನಿಜವಾದ ಕಷ್ಟ ಮಂಡಿಯದ್ದು, ಒಳತೊಡೆಯದ್ದು. ಐದಾರು ಗಂಟೆ ಜೀನಿನ ಮೇಲೆ ಕೂತು ಇಳಿದಾಗ ಕಾಲು ನಿಮ್ಮ ಮಾತು ಕೇಳುವುದಿಲ್ಲ. ರಿಕಾಪು, ಅಂದರೆ ಪಾದ ಇಡೋಕೆ ಜೀನಿನಿಂದ ಇಳಿಬಿಟ್ಟ ಬಳೆ, ಗಿಡ್ಡವಾಗಿದ್ದರೆ ಇನ್ನೂ ಕಷ್ಟ. ಮಂಡಿ ನೋಯೋಕೆ ಶುರುವಾದ ತಕ್ಷಣ ಉದ್ದ ಮಾಡಿಸಿಕೊಳ್ಳಿ, ಸಂಕೋಚ ಬೇಡ.

ಹೊರಡುವ ಮುಂಚೆ ಎಲ್ಲಾದರೂ ನಾಲ್ಕು ಪಾಠ ಹೇಳಿಸಿಕೊಂಡರೆ ಒಳ್ಳೆಯದು. ನಾಗಾಲೋಟ ಕಲಿಯೋಕಲ್ಲ. ಹತ್ತುವುದು, ಇಳಿಯುವುದು, ನಿಲ್ಲಿಸುವುದು, ಇಷ್ಟು ಸಾಕು. ಒಂದು ವ್ಯತ್ಯಾಸ ಮಾತ್ರ ತಿಳಿದಿರಲಿ: ತರಗತಿಗಳಲ್ಲಿ ಸಾಮಾನ್ಯವಾಗಿ ಲಗಾಮನ್ನು ಎರಡು ಕೈಯಲ್ಲಿ ಹಿಡಿಸುತ್ತಾರೆ, ಕಿರ್ಗಿಸ್ ಜನ ಒಂದೇ ಕೈಯಲ್ಲಿ ಹಿಡಿದು ಕುದುರೆಯ ಕತ್ತಿಗೆ ತಾಗಿಸಿ ತಿರುಗಿಸುತ್ತಾರೆ. ಹೊರಡಿಸೋಕೆ "ಚೂ" ಅಂದರೆ ಆಯಿತು.

ಪ್ರಶ್ನೆ: ನನ್ನ ತೂಕ 94 ಕಿಲೋ. ಬುಕಿಂಗ್ ಮಾಡುವಾಗ 80 ಅಂತ ಬರೆದರೆ ತೊಂದರೆ ಇದೆಯಾ?

ಉತ್ತರ: ತೊಂದರೆ ನಿಮಗಲ್ಲ, ಕುದುರೆಗೆ. ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆಯ ತೂಕದ ಶೇಕಡಾ 20 ದಾಟಬಾರದು ಅನ್ನುವುದು ಸವಾರಿಯವರು ಇಟ್ಟುಕೊಂಡಿರುವ ಲೆಕ್ಕ. 400 ಕಿಲೋ ಕುದುರೆ ಅಂದುಕೊಂಡರೂ 80 ಕಿಲೋ ಆಯಿತು, ಅದರಲ್ಲಿ ಜೀನಿನ ಭಾರ ಬೇರೆ. ನೀವು 80 ಅಂತ ಬರೆದರೆ ನಿಮಗೆ ಸಣ್ಣ ಕುದುರೆಯನ್ನೇ ಕೊಟ್ಟುಬಿಡಬಹುದು. ನಿಜ ಹೇಳಿ, ದೊಡ್ಡದೊಂದು ಕುದುರೆ ಕೇಳಿ, ಕಡಿದಾದ ಇಳಿಜಾರು ಬಂದಾಗಲೆಲ್ಲ ಇಳಿದು ನಡೆಯುತ್ತೇನೆ ಅಂತ ಮೊದಲೇ ಮಾತಾಡಿಕೊಳ್ಳಿ. ಇಳಿಜಾರಿನಲ್ಲಿ ನಡೆಯುವುದು ನಿಮ್ಮ ಮಂಡಿಗೂ ಒಳ್ಳೆಯದೇ. ಸರಿಯಾದ ಕುದುರೆ ಸಿಗಲೇ ಇಲ್ಲ ಅಂದರೆ ಚೀಲವನ್ನು ಕುದುರೆಗೆ ಹೊರಿಸಿ ನೀವು ನಡೆದುಕೊಂಡು ಹೋಗಿ. ಅದೇ ದಾರಿಯಲ್ಲಿ ನಡೆದೇ ಹೋಗುವವರು ಬೇಕಾದಷ್ಟು ಜನ ಇದ್ದಾರೆ.

ಪ್ರಶ್ನೆ: ಕುದುರೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಅಂತ ನಮ್ಮಂಥವರಿಗೆ ಗೊತ್ತಾಗುವುದು ಹೇಗೆ?

ಉತ್ತರ: ಬಂದ ಪ್ರಶ್ನೆಗಳಲ್ಲೆಲ್ಲ ಇದೇ ಮುಖ್ಯ ಅಂತ ನನಗೆ ಅನಿಸುತ್ತದೆ, ಕೇಳಿದವರು ಮಾತ್ರ ಒಬ್ಬರೇ. ಫೋಟೋ, ರೇಟಿಂಗ್ ನೋಡಿ ಇದನ್ನು ತಿಳಿಯೋಕೆ ಆಗಲ್ಲ. ಜೀನು ಹಾಕುವ ಹೊತ್ತಿಗೆ ಅಲ್ಲಿ ಇರಿ. ಕುದುರೆಯ ಪಕ್ಕದಲ್ಲಿ ನಿಂತು, ಬೆನ್ನುಮೂಳೆಯ ಎರಡೂ ಬದಿ ಭುಜದಿಂದ ಸೊಂಟದವರೆಗೆ ಅಂಗೈಯಿಂದ ಮೆಲ್ಲಗೆ ಒತ್ತುತ್ತಾ ಹೋಗಿ. ಆರೋಗ್ಯವಾಗಿರುವ ಕುದುರೆ ಸುಮ್ನೆ ನಿಲ್ಲುತ್ತದೆ. ನೋವಿದ್ದರೆ ಬೆನ್ನು ತಗ್ಗಿಸುತ್ತದೆ, ಕಿವಿ ಹಿಂದಕ್ಕೆ ಮಲಗಿಸುತ್ತದೆ, ಚರ್ಮ ಅದುರಿಸುತ್ತದೆ. ಕಂದು ಮೈಯಲ್ಲಿ ಜೀನು ಕೂರುವ ಜಾಗದಲ್ಲಿ ಮಾತ್ರ ಬಿಳಿ ಕೂದಲಿನ ತೇಪೆ ಕಂಡರೆ ಹಿಂದೆ ಯಾವಾಗಲೋ ಜೀನು ಉಜ್ಜಿ ಹುಣ್ಣಾಗಿ ಮಾಗಿದ ಗುರುತು ಅಂತ ತಿಳಿಯಿರಿ. ಅದು ಹಳೆಯದು, ಅದಕ್ಕೆ ಇವತ್ತಿನ ಮಾಲೀಕರನ್ನು ಬೈಯೋಕೆ ಆಗಲ್ಲ. ಆದರೆ ಹಸಿ ಗಾಯ ಕಂಡರೆ ಬೇರೆ ಕುದುರೆ ಕೇಳಿ. ಕೊಡುವುದಿಲ್ಲ ಅಂದರೆ ಸವಾರಿಯೇ ಬೇಡ ಅನ್ನಿ, ಕೊಟ್ಟ ಮುಂಗಡ ಹೋದರೂ ಪರವಾಗಿಲ್ಲ.

ಇನ್ನೊಂದು, ಜೀನಿನ ಹೊಟ್ಟೆಪಟ್ಟಿ. ಬಿಗಿಯುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ಭಲೇ ಚಾಲಾಕು! ಹತ್ತು ನಿಮಿಷ ನಡೆದ ಮೇಲೆ ಪಟ್ಟಿ ಸಡಿಲವಾಗಿ ಜೀನು ಒಂದು ಕಡೆಗೆ ವಾಲುತ್ತದೆ. ಹಾಗಾಗಿ ಹೊರಟು ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಇನ್ನೊಮ್ಮೆ ಬಿಗಿಸಿಕೊಳ್ಳಿ.

ಪ್ರಶ್ನೆ: ಹೊಳೆ ದಾಟುವಾಗ ಏನು ಮಾಡಬೇಕು?

ಉತ್ತರ: ನೀರು ನೋಡಬೇಡಿ, ತಲೆ ತಿರುಗುತ್ತದೆ. ಆಚೆ ದಡ ನೋಡಿ, ಲಗಾಮು ಸಡಿಲ ಬಿಡಿ, ಎಲ್ಲಿ ಗೊರಸು ಊರಬೇಕು ಅಂತ ಕುದುರೆ ನೋಡಿಕೊಳ್ಳುತ್ತದೆ. ನಡುನೀರಲ್ಲಿ ನಿಂತು ಮುಂಗಾಲಿನಿಂದ ನೀರನ್ನು ಪಟಪಟ ಬಡಿಯೋಕೆ ಶುರುಮಾಡಿದರೆ ಮಾತ್ರ ಹುಷಾರು. ಮುದ್ದಾಗಿದೆ ಅಂತ ವಿಡಿಯೋ ಮಾಡುತ್ತಾ ಕೂರಬೇಡಿ. ಅದು ಹೊರಳೋಕೆ ತಯಾರಾಗುತ್ತಿರಬಹುದು, ನಿಮ್ಮನ್ನೂ ಸೇರಿಸಿಕೊಂಡು! ತಕ್ಷಣ ಹಿಮ್ಮಡಿ ಒತ್ತಿ ಮುಂದೆ ಹೊರಡಿಸಿ.

ಪ್ರಶ್ನೆ: ಹತ್ತುವುದು ಕುದುರೆ ತಾನೇ, ಎತ್ತರದ ಕಾಯಿಲೆ ನಮಗೆ ಬರಲ್ಲ ಅಲ್ವಾ?

ಉತ್ತರ: ಬರುತ್ತದೆ. ನಡೆದು ಹೋದರೆ ಏದುಸಿರು ಬಂದು ನಾವೇ ನಿಧಾನ ಮಾಡುತ್ತೇವೆ. ಕುದುರೆ ಮೇಲೆ ಆ ಎಚ್ಚರಿಕೆಯೇ ಇಲ್ಲದೆ ಮೇಲೆ ತಲುಪಿಬಿಡುತ್ತೇವೆ. ರಾಜಧಾನಿ ಬಿಷ್ಕೆಕ್ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ, ಸೊಂಗ್-ಕುಲ್ 3,016 ಮೀಟರ್‌ನಲ್ಲಿ, ದಾರಿಯಲ್ಲಿ ಬೆಟ್ಟಸಾಲು ದಾಟುವ ಜಾಗಗಳು ಅದಕ್ಕಿಂತಲೂ ಮೇಲೆ. 3,000 ದಾಟಿದ ಮೇಲೆ ಮಲಗುವ ಜಾಗ ಒಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅನ್ನುವುದು ವೈದ್ಯರ ಸಲಹೆ. ಕೋಚ್ಕೋರ್ ಊರಲ್ಲೋ ಕಿಜಾರ್ತ್‌ನಲ್ಲೋ ಒಂದು ರಾತ್ರಿ ತಂಗಿ ಹೊರಡಿ. ತಲೆನೋವು, ವಾಂತಿ ಜಾಸ್ತಿಯಾದರೆ ಕೆಳಗೆ ಇಳಿಯುವುದೇ ಮದ್ದು. ಪ್ರಯಾಣ ವಿಮೆ ಮಾಡಿಸುವಾಗ ಕುದುರೆ ಸವಾರಿಯೂ ಈ ಎತ್ತರವೂ ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬದುಕಿ ಬರುತ್ತೇವಾ?

ಉತ್ತರ: ಬರುತ್ತೀರಿ, ಆದರೆ ಬ್ರೆಡ್ ತಿಂದು ತಿಂದು ಬೇಜಾರಾಗುತ್ತದೆ. ಬ್ರೆಡ್, ಕೆನೆ, ಜಾಮ್, ಬೊರ್ಸೋಕ್ ಅನ್ನುವ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು, ಚಹಾ ಧಾರಾಳ. ಸೂಪು ಮಾತ್ರ ಕೇಳದೆ ಕುಡಿಯಬೇಡಿ, ಮಾಂಸ ತೆಗೆದು ಬಡಿಸಿದರೆ ಸಸ್ಯಾಹಾರ ಆಯಿತು ಅಂದುಕೊಳ್ಳುವವರು ಇರುತ್ತಾರೆ. ಕುಮಿಸ್ ಅನ್ನುವುದು ಹುಳಿ ಬರಿಸಿದ ಹೆಣ್ಣುಕುದುರೆಯ ಹಾಲು, ಸ್ವಲ್ಪ ಮದ್ಯದ ಅಂಶ ಇರುತ್ತದೆ. ಸವಾರಿಯ ದಿನ ಬೆಳಗ್ಗೆ ಅಭ್ಯಾಸವಿಲ್ಲದ ಹೊಟ್ಟೆಗೆ ಅದನ್ನು ಲೋಟಗಟ್ಟಲೆ ಇಳಿಸಬೇಡಿ, ಎರಡು ಗುಟುಕು ಸಾಕು.

ಪ್ರಶ್ನೆ: ಯಾವ ತಿಂಗಳು ಹೋಗಬೇಕು, ಏನು ಒಯ್ಯಬೇಕು?

ಉತ್ತರ: ಕುರಿಗಾಹಿ ಕುಟುಂಬಗಳು ದನಕರು ಹೊಡೆದುಕೊಂಡು ಬಂದು ಯುರ್ತ್ ಅನ್ನುವ ದುಂಡನೆಯ ಡೇರೆ ಹಾಕಿಕೊಂಡಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜುಲೈ, ಆಗಸ್ಟ್ ಒಳ್ಳೆಯದು. ಆಗಲೂ ಹಿಮ ಬೀಳುವುದುಂಟು, ದಪ್ಪ ಸ್ವೆಟರ್ ಬೇಕೇ ಬೇಕು. ಯುರ್ತ್ ಒಳಗೆ ಒಣಗಿದ ಸಗಣಿ ಉರಿಸುವ ಒಲೆ ಇರುತ್ತದೆ, ನಡುರಾತ್ರಿ ಆರಿಹೋಗುತ್ತದೆ. ಶೂಗೆ ಚಿಕ್ಕ ಹಿಮ್ಮಡಿ ಇರಲಿ, ಇಲ್ಲದಿದ್ದರೆ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಒಳತೊಡೆಯಲ್ಲಿ ದಪ್ಪ ಹೊಲಿಗೆ ಇರುವ ಜೀನ್ಸ್ ಬೇಡ. ಹೆಲ್ಮೆಟ್ ನಿಮ್ಮದೇ ಒಯ್ಯಿರಿ. ಅಲ್ಲಿನವರು ಹಾಕುವುದಿಲ್ಲ ಅಂತ ನೀವೂ ಬಿಡಬೇಡಿ, ಅವರು ನಡೆಯೋಕೆ ಕಲಿಯುವಾಗಲೇ ಜೀನು ಹತ್ತಿದವರು.