ಹೆಸರಿಲ್ಲದ ಡೆಮೋ, ಹೆಸರಿಲ್ಲದ ಗಾಯಕಿ

ನಿಮ್ಮ ಪತ್ರ ಎರಡು ಸಲ ಓದ್ದೆ. ಎಲ್ಲೂ ಬಿಡುಗಡೆ ಆಗದೇ ಇರೋ, ನಿಧಾನಗತಿಯ ಭಾವುಕ ಹಾಡು ಅಂತೀವಲ್ಲ ಆ ಥರದ ಒಂದು ಪಾಪ್ ಬ್ಯಾಲಡ್‌ನ ಡೆಮೋ ನಿಮಗೆ ಹೇಗೋ ಸಿಕ್ಕಿದೆ, ಬರೀ ಪಿಯಾನೋ ಮತ್ತೆ ಒಂದು ಹೆಣ್ಣು ದನಿ, ಹಾಡಿದೋರ ಹೆಸರಿಲ್ಲ, "ಇಂಥೋಳನ್ನ ರೆಕಾರ್ಡ್ ಕಂಪನಿಯವರು ತುಳಿದುಹಾಕಿದ್ದಾರೆ, ನೀವ್ಯಾಕೆ ಬರೀತಿಲ್ಲ" ಅಂತ ನನ್ನನ್ನೂ ಸೇರಿಸಿ ಬೈದಿದ್ದೀರಿ. ಬೈಸ್ಕೊಂಡೆ. ಆದ್ರೆ ತುಳಿದ್ರು ಅನ್ನೋದು ನಂಗೆ ಅಷ್ಟು ಸುಲಭವಾಗಿ ಒಪ್ಪಿಗೆಯಿಲ್ಲ.

ಡೆಮೋ ಅಂದ್ರೆ ಜನಕ್ಕೆ ಕೇಳ್ಸೋಕೆ ಮಾಡಿದ್ದಲ್ಲ. ಹಾಡು ಬರೆದೋರು ಅಥವಾ ಅವರ ಪಬ್ಲಿಷರ್ (ಹಾಡಿನ ಹಕ್ಕು ನೋಡ್ಕೊಳ್ಳೋ ಕಂಪನಿ), "ನೋಡಿ, ಹಾಡು ಹೀಗಿದೆ, ಹಾಡ್ತೀರಾ" ಅಂತ ದೊಡ್ಡ ಗಾಯಕರ ಕಡೆಯವರಿಗೆ ಕಳಿಸೋ ಸ್ಯಾಂಪಲ್. ಬರೆದೋರಿಗೆ ಕಂಠ ಇದ್ರೆ ತಾವೇ ಹಾಡ್ತಾರೆ, ಇಲ್ದಿದ್ರೆ ಡೆಮೋ ಸಿಂಗರ್‌ನ ಕರೆಸ್ತಾರೆ, ಟ್ರ್ಯಾಕ್ ಹಾಡೋದು ಅಂತೀವಲ್ಲ ಹೆಚ್ಚುಕಮ್ಮಿ ಅದೇ, ಸಾಮಾನ್ಯವಾಗಿ ಸೆಷನ್‌ಗೆ ಇಷ್ಟು ಅಂತ ದುಡ್ಡು ಕೊಟ್ಟು ಮುಗಿಸ್ತಾರೆ, ಹಾಡು ಆಮೇಲೆ ಹಿಟ್ ಆದ್ರೂ ರಾಯಲ್ಟಿ ಹೋಗೋದು ಬರೆದೋರಿಗೆ. ಜಗಳ ಮಾಡೋದಿದ್ರೆ ಇಲ್ಲಿ ಮಾಡಿ, ನಾನೂ ಜೊತೆಗೆ ಬರ್ತೀನಿ. ಯಾಕಂದ್ರೆ ಡೆಮೋದ ದನಿ ಎಷ್ಟೋ ಸಲ ಹಾಡಿನೊಳಗೇ ಉಳ್ಕೊಂಡಿರತ್ತೆ. 2012ರಲ್ಲಿ ಬಂದ ಪಾಪ್ ಗಾಯಕಿ ರಿಹಾನ್ನಾದು 'ಡೈಮಂಡ್ಸ್' ಹಾಡು ತಗೊಳ್ಳಿ, ಸಾಹಿತ್ಯ ಬರೆದು ಡೆಮೋ ಹಾಡಿದ್ದು ಸಿಯಾ ಅನ್ನೋ ಇನ್ನೊಬ್ಬ ಗಾಯಕಿ, ಪದ ಎಲ್ಲಿ ಮುರೀಬೇಕು ಎಲ್ಲಿ ಎಳೀಬೇಕು ಅನ್ನೋ ಧಾಟಿಯನ್ನ ರಿಹಾನ್ನಾ ಆ ಡೆಮೋದಿಂದ್ಲೇ ಹಿಡಿದಿದ್ದಾರೆ, ಕಿವಿಗೊಟ್ಟು ಕೇಳಿದ್ರೆ ಸಿಯಾ ಸಿಕ್ತಾರೆ. ಅವರಿಗೆ ಬರೆದೋರ ಪಾಲಾದ್ರೂ ಬಂತು, ಬರೀ ಹಾಡಿ ಎದ್ದುಹೋದೋರಿಗೆ ಅದೂ ಇಲ್ಲ.

"ಬಿಡುಗಡೆ ಮಾಡೋಕೆ ಏನು ರೋಗ ಇವರಿಗೆ" ಅಂತ ಕೇಳಿದ್ದೀರಿ. ಹಾಡಿನ ಹಕ್ಕು ಬೇರೆ, ಆ ರೆಕಾರ್ಡಿಂಗ್ ಹಕ್ಕು ಬೇರೆ, ಎರಡೂ ಕಡೆಯವರು ಹೂಂ ಅನ್ಬೇಕು. ಕೆಲವು ಸಲ ಯಾರೋ ದೊಡ್ಡೋರು 'ಹೋಲ್ಡ್' ಹಾಕಿಸ್ತಾರೆ, ಅಂದ್ರೆ ಬೇರೆಯವರಿಗೆ ಕೊಡಬೇಡಿ ಅಂತ, ಆಮೇಲೆ ಅವರ ಆಲ್ಬಮ್ ಲೆಕ್ಕಾಚಾರ ಬದಲಾಗತ್ತೆ, ಹಾಡು ಅಲ್ಲೇ ಕೂತ್ಬಿಡತ್ತೆ. ದ್ವೇಷ ಏನಿಲ್ಲ, ಮರೆವು ಅಷ್ಟೇ.

ಅಮೆರಿಕದ ದೊಡ್ಡ ಪಾಪ್ ತಾರೆ ಪ್ರಿನ್ಸ್ ಅಂಥೋರದ್ದೇ ನೋಡಿ. 'ನಥಿಂಗ್ ಕಂಪೇರ್ಸ್ ಟು ಯು' ಬರೆದು 1984ರಲ್ಲಿ ತಾವೇ ಹಾಡಿ ರೆಕಾರ್ಡ್ ಮಾಡಿದ್ರು, 1985ರಲ್ಲಿ ಅದು ತಾವೇ ಕಟ್ಟಿದ 'ದಿ ಫ್ಯಾಮಿಲಿ' ಬ್ಯಾಂಡ್‌ನ ಆಲ್ಬಮ್‌ಗೆ ಹೋಯ್ತು, ದೊಡ್ಡ ಸದ್ದೇನೂ ಆಗ್ಲಿಲ್ಲ, 1990ರಲ್ಲಿ ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಹಾಡಿ ಲೋಕನೆಲ್ಲ ಅಳಿಸಿಬಿಟ್ರು. ಪ್ರಿನ್ಸ್ ಹಾಡಿದ ಆ ಮೊದಲ್ನೇ ಟೇಪ್ ಹೊರಗೆ ಬಂದಿದ್ದು 2018ರಲ್ಲಿ, ಅವರು ತೀರ್ಕೊಂಡು ಎರಡು ವರ್ಷ ಆದ್ಮೇಲೆ. ಅದನ್ನ ಯಾರು ತುಳಿದಿದ್ರು ಹೇಳಿ? ಟೇಪೂ ಅವರದ್ದೇ, ಬೀಗಾನೂ ಅವರದ್ದೇ. (ಕೇಳಿದೆ, ಚೆನ್ನಾಗೇ ಇದೆ, ಆದ್ರೆ ನನ್ನ ಪಾಲಿಗೆ ಆ ಹಾಡು ಈಗ್ಲೂ ಶಿನೇಡ್‌ದೇ.)

ನೀವು ಕಳಿಸಿದ ಫೈಲ್ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೇಳಿದೆ. ಎರಡನೇ ಚರಣಕ್ಕೆ ಮುಂಚೆ ಉಸಿರು ಸಾಲದೆ ಒಂದು ಪದ ನುಂಗ್ತಾಳಲ್ಲ, ಫೈನಲ್ ರೆಕಾರ್ಡಿಂಗ್ ಆಗಿದ್ರೆ ಅದನ್ನ ಉಳಿಸ್ತಿರ್ಲಿಲ್ಲ, ನಿಮಗೆ ಹಿಡಿಸಿರೋದೂ ಅದೇ ಇರ್ಬೇಕು. ಪತ್ರಿಕೆ ಮೂಲಕ ಎಲ್ಲರಿಗೂ ಹಂಚಿ ಅಂದಿದ್ದೀರಿ, ಅದು ಆಗಲ್ಲ, ಅವಳನ್ನ ಯಾರೂ ಕೇಳಿಲ್ಲ. ಯಾರು ಅಂತ ಗೊತ್ತಾಗಿ, ಅವಳೂ ಒಪ್ಪಿದ್ರೆ ಬರೀರಿ, ಹೆಸರು ದಪ್ಪಕ್ಷರದಲ್ಲೇ ಹಾಕ್ತೀನಿ.

– ಸಂ.