ತೋಟಕ್ಕೆ ಎಲೆಚುಕ್ಕಿ, ತಲೆ ಮೇಲೆ ಸಾಲ. ಜಪಕ್ಕೆ ಕೂತರೂ ಮನಸ್ಸು ನಿಲ್ಲುತ್ತಿಲ್ಲ. ಏನು ಮಾಡಲಿ?

ತೀರ್ಥಹಳ್ಳಿ ಕಡೆಯ ನಿಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಸೊಸೈಟಿ ಸಾಲದ ಕಂತು ಬಾಕಿ ಇದೆ, ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನವರೆಗೂ ಎದೆ ಡವಡವ, ‘ಓಂ ನಮಃ ಶಿವಾಯ’ ಎಂದರೂ ಮನಸ್ಸು ತೋಟದಲ್ಲೇ ಎಂದು ಬರೆದಿದ್ದೀರಿ. ಜಪ ಫಲಿಸುತ್ತಿಲ್ಲ ಎಂದುಕೊಳ್ಳಬೇಡಿ. ಓಡಿದ ಮನಸ್ಸನ್ನು ಮತ್ತೆ ಕರೆತರುವುದೇ ಜಪ. ನೂರು ಸಲ ಓಡಿದರೆ ನೂರು ಸಲ ಕರೆತನ್ನಿ.

ನಡುರಾತ್ರಿ, ಅದೂ ಮಳೆಗಾಲದಲ್ಲಿ ಕರೆಂಟಿಲ್ಲದಾಗ, ಮಾಲೆ ಹುಡುಕುತ್ತಾ ಹೋಗಬೇಡಿ. ಬಲಗೈ ಬೆರಳಿನ ಗೆಣ್ಣಲ್ಲೇ ಎಣಿಸಿ. ಇದಕ್ಕೆ ಕರಮಾಲೆ ಅಂತಾರೆ. ಹೆಬ್ಬೆರಳನ್ನು ಉಂಗುರ ಬೆರಳಿನ ನಡು ಗೆಣ್ಣಿಗಿಟ್ಟು ಶುರು ಮಾಡಿ. ಅಲ್ಲಿಂದ ಅದೇ ಬೆರಳಿನ ಬುಡ, ಕಿರುಬೆರಳಿನ ಬುಡ, ನಡು, ತುದಿ. ಆಮೇಲೆ ಉಂಗುರ ಬೆರಳಿನ ತುದಿ, ಮಧ್ಯದ ಬೆರಳಿನ ತುದಿ, ತೋರುಬೆರಳಿನ ತುದಿ, ನಡು, ಬುಡ. ಹತ್ತಾಯಿತು. ಮಧ್ಯದ ಬೆರಳಿನ ಉಳಿದೆರಡು ಗೆಣ್ಣು ಮೇರು, ಅಂದರೆ ಮಾಲೆಯ ತಲೆಮಣಿ ಇದ್ದ ಹಾಗೆ, ಅವನ್ನು ಮುಟ್ಟುವುದಿಲ್ಲ. ಸುತ್ತಿನ ಲೆಕ್ಕ ಎಡಗೈಯಲ್ಲಿರಲಿ. ಹತ್ತು ಸುತ್ತು, ಮೇಲೆ ಎಂಟು: 108. ಲೆಕ್ಕ ತಪ್ಪಿದರೆ ಆ ಸುತ್ತನ್ನಷ್ಟೇ ಮತ್ತೆ ಮಾಡಿ.

ಉಸಿರು ಬಿಡುವಾಗ ಒಂದು ಮಂತ್ರ. ಸುಮಾರು ಹತ್ತು ನಿಮಿಷ ಬೇಕು. ಮೂರ್ನಾಲ್ಕು ನಿಮಿಷಕ್ಕೇ ಮುಗಿಯಿತೆಂದರೆ ಬರೀ ಬಾಯಿ ಓಡಿದೆ. ಉಸಿರು ಉದ್ದಕ್ಕೆ ಬಿಟ್ಟರೆ ಎದೆಬಡಿತ ಇಳಿಯುತ್ತದೆ.

ಹೆಚ್ಚಿನವರು ಎಡವುವುದು ಹರಕೆಯಲ್ಲಿ. ರೋಗ ಹೋದರೆ ಸಿಗಂದೂರಿಗೆ ಬರುತ್ತೇನೆ ಅನ್ನುವುದು ತಪ್ಪಲ್ಲ. ಹೆದರಿಕೆಗೆ ದಿನಕ್ಕೊಂದು ಹರಕೆ ಹೊತ್ತರೆ ಮಾತ್ರ ಬೆಳಗಾದರೆ ಸೋಗೆ ನೋಡಿ ದೇವರ ಮನಸ್ಸು ಅಳೆಯುವ ಹಾಗಾಗುತ್ತದೆ, ಸಾಲದ ಮೇಲೆ ಅದೊಂದು ಸಾಲ. ಅದರ ಬದಲು ಸಂಜೆ ದೀಪ ಹಚ್ಚುವ ಮೊದಲು ನಾಳೆ ನಿಮ್ಮ ಕೈಯಲ್ಲಾಗುವ ಒಂದೆರಡು ಕೆಲಸ ಬರೆದಿಡಿ: ಚುಕ್ಕಿ ಬಿದ್ದ ಸೋಗೆ ಕಡಿದು ಸುಡುವುದು, ಸೊಸೈಟಿಯಲ್ಲಿ ಕಂತಿಗೆ ಅವಧಿ ಕೇಳುವುದು. ಉಳಿದದ್ದನ್ನು, ಮಳೆ, ಅಡಿಕೆ ದರ, ಪಕ್ಕದ ತೋಟದ ರೋಗ, ಒಂದೊಂದಾಗಿ ಹೆಸರು ಹಿಡಿದು, ಬಾಯಿ ಬಿಟ್ಟು ದೇವರಿಗೆ ಒಪ್ಪಿಸಿ. ‘ಎಲ್ಲ ಒಳ್ಳೆಯದಾಗಲಿ’ ಎಂದು ಮುಗಿಸಿದರೆ ಭಯ ಒಳಗೇ ಉಳಿಯುತ್ತದೆ. ನಮ್ಮ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿ ವಚನಗಳಲ್ಲಿ ಸಂಕಟ ಮುಚ್ಚಿಡುವುದಿಲ್ಲ, ಚೆನ್ನಮಲ್ಲಿಕಾರ್ಜುನನಿಗೇ ನೇರ ಹೇಳುತ್ತಾಳೆ. ಹಾಗೆ ಹೇಳಿ. ರಾತ್ರಿ ಅದೇ ಯೋಚನೆ ಬಂದರೆ, ಒಪ್ಪಿಸಿ ಆಗಿದೆ ಎಂದು ಬೆರಳಿಗೆ ಮರಳಿ.

ಹೀಗೆ ಮಾಡಿಯೂ ಎರಡು ವಾರ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಡಾಕ್ಟರನ್ನು ಕಾಣಲೇಬೇಕು. ತೋಟಕ್ಕೆ ಔಷಧಿ ಹೊಡೆಸಿದರೆ ಭಕ್ತಿ ಕಮ್ಮಿಯಾಯಿತೆಂದು ಯಾರೂ ಹೇಳುವುದಿಲ್ಲ, ಇದೂ ಅಷ್ಟೇ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಇವತ್ತೇ ವಿಷಯ ತಿಳಿಸಿ.